ನಮ್ಮ ಮಾಮ ಸತ್ತ ಸಿನಿಮಾ

ನಮ್ಮ ಮಾಮ ಕೋಳಿ ಕುಯ್ಯುವುದನ್ನು ಕಂಡರೂ ಕಣ್ಣು ಮುಚ್ಚಿಕೊಳ್ಳುವ ಸಾಧು ಪ್ರಾಣಿ. ಆದರೆ ಟೀವಿ ಮುಂದೆ ಕೂತರೋ, ಬಕೆಟ್‌ಗಟ್ಟಲೆ ರಕ್ತ ಬೇಕು! ಅದೂ ಬ್ರಿಟಿಷರ ಕಾಲದ ಕೊಲೆ, ದರೋಡೆಯ ಸಿನಿಮಾಗಳೇ ಆಗಬೇಕು. ಕತ್ತಿ ಎತ್ತಿದ ಹೊತ್ತಿಗೆ ಕ್ಯಾಮೆರಾ ಆಕಾಶ ತೋರಿಸಿತೋ, ಮುಗಿಯಿತು. "ಮೋಸ! ಹಕ್ಕಿ ನೋಡೋಕೆ ಕೂತಿದ್ದೀನಾ ನಾನು?" ಎಂದು ರಿಮೋಟ್ ಕುಕ್ಕುತ್ತಾರೆ.

"ಮಾಮ, ಕತೆಗೆ ಇಷ್ಟೊಂದು ರಕ್ತ ಬೇಕಾ?" ಎಂದು ಒಮ್ಮೆ ಕೇಳಿದೆ.

"ಚರಿತ್ರೆ ಕಣೋ ಇದು, ಚರಿತ್ರೆ! ಆಗಿನವರಿಗೆ ಕಡಿದರೆ ಹಾಲು ಬರ್ತಿತ್ತಾ?"

"ಚರಿತ್ರೆ ಆಮೇಲೆ ನೋಡಿ," ಒಳಗಿನಿಂದ ಮಾಮಿಯ ದನಿ. "ಟೀ ಎಲೆ ಒಯ್ಯೋ ಲೀಫ್ ವಂಡಿ ಬಂದು ನಿಂತಿದೆ, ಮೂಟೆ ಹೊತ್ಕೊಂಡು ನಡೀರಿ!"

ಮದುವೆಯಾದಾಗಿನಿಂದ ಮಾಮಿ ಗಂಡನ ಬಗ್ಗೆ ಒಂದು ಒಳ್ಳೆಯ ಮಾತಾಡಿದ್ದನ್ನು ನಮ್ಮ ಹಟ್ಟಿಯಲ್ಲಿ ಯಾರೂ ಕೇಳಿಲ್ಲ. ಮಾಮನಿಗೆ ಒಳಗೊಳಗೇ ಅದೇ ಕೊರಗು.

ಹೀಗಿರಲು ಅಂಥದ್ದೇ ಸಿನಿಮಾ ತೆಗೆಯುವವರು ನಮ್ಮ ಹಟ್ಟಿ ಹತ್ತಿರದ ಅವಲಾಂಚಿ ಕಾಡಿಗೆ ಬಂದರು. ದರೋಡೆಕೋರರ ಕೈಲಿ ಸಾಯಲು ಹಳ್ಳಿಗರು ಬೇಕಂತೆ. ಮಾಮ ಓಡಿಹೋಗಿ ಸತ್ತುಬಂದರು! ಮೈಮೇಲೆ ಕೆಂಪು ಪಾಕ ಸುರಿದು ಒದ್ದೆ ಹುಲ್ಲಿನಲ್ಲಿ ಮಲಗಿಸಿದಾಗ ಕಾಲಿಗೆ ಜಿಗಣೆ ಹತ್ತಿತಂತೆ. ಹೆಣ ಕೆರೆದುಕೊಳ್ಳುವ ಹಾಗಿದೆಯೇ? "ನಿಜವಾದ ರಕ್ತ ಹೋಗಿದ್ದು ಅಲ್ಲಿ. ಅದನ್ನೇ ಕ್ಯಾಮೆರಾ ಹಿಡೀಲಿಲ್ಲ!" ಎಂದು ಅವರಿಗೆ ಇವತ್ತಿಗೂ ಬೇಜಾರು.

ಸಿನಿಮಾ ಊಟಿಗೆ ಬಂದಾಗ ಇಡೀ ಹಟ್ಟಿಯೇ ಹೊರಟಿತು. ಥಿಯೇಟರ್ ಮುಖವನ್ನೇ ಕಾಣದ ಮಾಮಿಯನ್ನೂ ಮಾಮ ಗೋಗರೆದು ಕರೆತಂದರು. ಹೆಂಗಸರನ್ನು ಮುಂದೆ ಕೂರಿಸಿ, ತಾವು ನನ್ನ ಜೊತೆ ಹಿಂದೆ ಕೂತರು. "ಸಾಯೋ ವಿಷಯ ಅವಳಿಗೆ ಹೇಳಿಲ್ಲ. ಒಂದು ಸಲ ಆದ್ರೂ ನನ್ನ ಭೇಷ್ ಅನ್ಬೇಕು ಕಣೋ!"

ಪರದೆಯ ಮೇಲೆ ಮಾಮ ಕಂಡರು. ನಾವು ಶಿಳ್ಳೆ ಹೊಡೆಯುವಷ್ಟರಲ್ಲಿ ಕೊಡಲಿ ಬಿತ್ತು. ಮುಖದ ತುಂಬ ರಕ್ತ. ದರೋಡೆಕೋರರ ಕುದುರೆಗಳು ಹೆಣ ದಾಟಿ ಮುಂದೆ ಹೋದವು. ಸಿನಿಮಾದವರಿಗೆ ಅಲ್ಲಿಗೆ ಮಾಮ ಮುಗಿದರು.

ಮಾಮಿಗೆ ಮುಗಿಯಲಿಲ್ಲ. ಬೆಳಗಿನಿಂದ ಜೊತೆಗೇ ಇದ್ದ ಗಂಡ ಹಿಂದೆ ಕೂತಿರುವುದು ಮರೆತೇಹೋಗಿ, ಎದ್ದು ನಿಂತು ಎದೆ ಬಡಿದುಕೊಂಡರು. "ಅಯ್ಯೋ ಎನ್ನ ದೊರೆಯೇ!"

ನಮ್ಮಲ್ಲಿ ಒಬ್ಬಳು ಸತ್ತವರ ಗುಣ ಹಾಡಿ ಅಳತೊಡಗಿದರೆ ಉಳಿದ ಹೆಂಗಸರು ದನಿಗೂಡಿಸಲೇಬೇಕು. ಮಾಮ ಬದುಕಿರುವುದು ಚೆನ್ನಾಗಿ ಗೊತ್ತಿದ್ದವರೂ ಎದ್ದರು. ಮರ್ಯಾದೆ ಅಂದಮೇಲೆ ಮರ್ಯಾದೆ! ಟಾರ್ಚು ಹಿಡಿದು ಓಡಿಬಂದ ಥಿಯೇಟರಿನವನು, "ಯಾರಮ್ಮಾ ಇಲ್ಲಿ ಸತ್ತದ್ದು?" ಎಂದು ಗಾಬರಿಯಿಂದ ಕೇಳಿದ. ನಾನು ಪಕ್ಕದಲ್ಲಿದ್ದ ಮಾಮನನ್ನು ತೋರಿಸಿದೆ.

ಮಾಮಿ ಹಾಡುತ್ತಲೇ ಇದ್ದರು: "ಹಿಮ ಬಿದ್ದ ದಿನ ಎನಗಿಂತ ಮುಂಚೆ ಎದ್ದು ನೀರು ಕಾಯಿಸಿದವನೇ... ಎಷ್ಟು ಬೈದರೂ ತಿರುಗಿ ಒಂದು ಮಾತು ಆಡದವನೇ... ಮಕ್ಕಳಿಲ್ಲದವಳು ಎಂದು ಜನ ಆಡಿಕೊಂಡಾಗ, ಎನಗೆ ಇವಳೊಬ್ಬಳು ಸಾಕು ಎಂದವನೇ..."

"ಏಳಿ ಮಾಮ, ಹೋಗಿ ಮುಖ ತೋರಿಸಿ!" ಎಂದು ತೋಳು ಹಿಡಿದು ಎಳೆದೆ.

ಮಾಮ ಏಳಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಇರೋ," ಎಂದರು, "ಇನ್ನೊಂಚೂರು ಕೇಳ್ತೀನಿ."