ಎಡಗಡೆಯ ಕುರ್ಚಿ

ತಪ್ಪು ಹೋಲ್ಗರನದೇ. ಮ್ಯಾನೇಜರ್ ಸ್ಟೂರೆ, "ಶನಿವಾರದ ಊಟಕ್ಕೆ ಯಾರು ಎಲ್ಲಿ ಕೂತ್ಕೋಬೇಕು ಅನ್ನೋದನ್ನ ನಮ್ಮ ಕಂಪ್ಯೂಟರೇ ಹೇಳ್ಲಿ. ಆ ಪ್ರೋಗ್ರಾಂ ಯಾರು ಬರೀತೀರಿ?" ಎಂದು ಕೇಳಿದಾಗ ಸುಮ್ಮನೆ ಕೂತಿದ್ದರೆ ಸಾಕಿತ್ತು. ಹದಿನೇಳು ವರ್ಷ ಕಾರ್ಖಾನೆಯಲ್ಲಿ ತುಟಿ ಬಿಚ್ಚದ ಮನುಷ್ಯ ಅವತ್ತು ಕೈ ಎತ್ತಿದ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಅದು ಕಂಪ್ಯೂಟರಿಗೇ ಬೀಳ್ಕೊಡುಗೆಯ ಊಟ. ಏಳು ವರ್ಷದ ಹಿಂದೆ ನಮ್ಮ ಕಾರ್ಖಾನೆಯಿಂದ ಎಬಿಸಿ-೮೦ ಎಂಬ ಆ ಕಂಪ್ಯೂಟರ್ ಹೊರಬಂದಾಗ ನಮ್ಮೂರು ಮೂಟಾಲಾದಲ್ಲಿ ನಾವೆಲ್ಲ ಎದೆಯುಬ್ಬಿಸಿಕೊಂಡು ತಿರುಗಿದವರೇ. ಯಾವ ಶಾಲೆಗೆ ಹೋದರೂ ಅದೇ ಯಂತ್ರ. ಹಲ್ಲಿನ ಡಾಕ್ಟರು ಕೊಂಡರು, ಪಾದ್ರಿಗಳೂ ಕೊಂಡರು. ನಮ್ಮ ಭಾಷೆಯ, ತಲೆಯ ಮೇಲೆ ಚುಕ್ಕಿಯಿರುವ ಅಕ್ಷರಗಳನ್ನು ಒಂದೂ ನುಂಗದೆ ತೋರಿಸುತ್ತಿತ್ತು, ಪಾಪ. ಆಮೇಲೆ ಅಮೆರಿಕದ ಯಂತ್ರಗಳು ಬಂದವು. ಚುಕ್ಕಿ ಹೋದರೆ ಹೋಗಲಿ ಎಂದು ಜನ ಅವುಗಳ ಹಿಂದೆ ಹೋದರು. ಆ ಜೂನ್ ತಿಂಗಳಲ್ಲಿ ನಮ್ಮ ಕೊನೆಯ ಯಂತ್ರವೂ ತಯಾರಾಗಿ, ತಯಾರಿಕೆಯೇ ನಿಂತುಹೋಯಿತು.

ಹೋಲ್ಗರ್ ಕೈ ಎತ್ತಿದ್ದಕ್ಕೆ ಮೊದಲ ಕಾರಣ ಮೈಬ್ರಿತ್. ಏಳು ವರ್ಷದಿಂದ ಅವಳು ಬೆಸುಗೆ ಹಾಕಿದ ಸರ್ಕ್ಯೂಟ್ ಬೋರ್ಡನ್ನು ಪಕ್ಕದ ಸ್ಟೂಲಿನಲ್ಲಿ ಕೂತು ಅವನು ಪರೀಕ್ಷಿಸುತ್ತಿದ್ದ. ಬೋರ್ಡಿನಲ್ಲಿ ಒಂದು ದಿನವೂ ತಪ್ಪು ಸಿಕ್ಕಿರಲಿಲ್ಲ, ಹಾಗಾಗಿ ಮಾತಾಡುವುದಕ್ಕೆ ನೆಪವೂ ಸಿಕ್ಕಿರಲಿಲ್ಲ. ಸೋಮವಾರ ಅವಳು ಬೇರೆ ಕೆಲಸ ಹಿಡಿದು ನೋರ್‌ಶೋಪಿಂಗಿಗೆ ಹೊರಟಿದ್ದಳು. ಹೋಗಬೇಡ ಎಂದು ಹೇಳುವುದಕ್ಕೆ ಉಳಿದದ್ದು ಆ ಊಟವೊಂದೇ.

ಇನ್ನೊಂದು ಕಾರಣ ಎಡಗಡೆಯ ಕುರ್ಚಿ. ನಮ್ಮ ಕಡೆಯ ಪದ್ಧತಿಯಂತೆ, ಊಟಕ್ಕೆ ಕರೆದ ಮನೆಯೊಡತಿಯ ಎಡಗಡೆ ಕೂತ ಗಂಡಸು ಕೊನೆಯಲ್ಲಿ ಎದ್ದುನಿಂತು, ಎಲ್ಲರ ಪರವಾಗಿ ಊಟಕ್ಕೆ ಕೃತಜ್ಞತೆಯ ಭಾಷಣ ಮಾಡಬೇಕು. ಸತ್ತರೂ ತಪ್ಪಿಸಿಕೊಳ್ಳುವಂತಿಲ್ಲ. ಹಿಂದೊಮ್ಮೆ ಸಂಬಂಧಿಕರ ಮನೆಯಲ್ಲಿ ಆ ಕುರ್ಚಿಗೆ ಸಿಕ್ಕಿಬಿದ್ದ ಹೋಲ್ಗರ್, "ಆಲೂಗಡ್ಡೆ ಬೆಂದಿತ್ತು" ಎಂದಷ್ಟೇ ಹೇಳಿ ಕುಸಿದಿದ್ದ. ಹದಿನೈದು ವರ್ಷವಾದರೂ ಊರಿನವರು ಅವನನ್ನು ಕಂಡರೆ "ಏನಪ್ಪಾ, ಬೆಂತಾ?" ಎನ್ನುತ್ತಾರೆ.

ಹಾಗಾಗಿ ಅವನ ಪ್ರೋಗ್ರಾಮಿನಲ್ಲಿ ಎರಡು ನಿಯಮ ಮೊದಲೇ ಇದ್ದವು: ಹೋಲ್ಗರನ ಬಲಗಡೆ ಮೈಬ್ರಿತ್. ಮನೆಯೊಡತಿಯ, ಅಂದರೆ ಮ್ಯಾನೇಜರ ಹೆಂಡತಿ ಇಂಗೆಗೆರ್ಡಳ ಎಡಗಡೆ, ಹೋಲ್ಗರ್ ಅಲ್ಲದೆ ಇನ್ಯಾರಾದರೂ.

ಶನಿವಾರ ಬೆಳಿಗ್ಗೆ ಅವನು ಊಟದ ಹಾಲಿನಲ್ಲಿ ಯಂತ್ರದ ಮುಂದೆ ಕೂತದ್ದೇ ತಡ, ಪ್ಯಾಕಿಂಗಿನ ಗುನ್ನೆಲ್ ಬಂದಳು.

"ನನ್ನ ಹಳೇ ಗಂಡನ ಎದುರಿಗೆ ಹಾಕ್ಬೇಡ ಮಾರಾಯ. ಪಕ್ಕಕ್ಕೂ ಬೇಡ. ಅವನು ಅಗಿಯೋ ಸದ್ದು ಕೇಳ್ಬಾರ್ದು, ಅಷ್ಟು ದೂರ ಇರ್ಲಿ."

ಅವಳ ಹಿಂದೆಯೇ ಗೋದಾಮಿನ ಮುದುಕ ಎವಾಲ್ಡ್. "ನಂಗೆ ಬಲಗಿವಿ ಕೇಳ್ಸಲ್ಲ ಕಣೋ. ಯಾರಾದ್ರೂ ಒಳ್ಳೇ ಕೇಳುಗರ ಪಕ್ಕ ಹಾಕು. ವೆತ್ತರ್ನ್ ಸರೋವರದಲ್ಲಿ ಮೀನು ಹಿಡಿದಿದ್ದು ಹೇಳ್ಬೇಕು."

ಎಡಗೈಯವರು ಬಂದರು, ಬಾಗಿಲ ಗಾಳಿಗೆ ಆಗದವರು ಬಂದರು, ಗಾಳಿಯಿಲ್ಲದಿದ್ದರೆ ಆಗದವರೂ ಬಂದರು. ಹೋಲ್ಗರ್ ಇಲ್ಲವೆನ್ನಲಾರದೆ ಒಂದೊಂದೇ ನಿಯಮ ಬರೆದ. ಮದುವೆಮನೆಯ ಪಾತ್ರೆಯಷ್ಟಲ್ಲ, ಎಬಿಸಿ-೮೦ರ ನೆನಪಿನ ಶಕ್ತಿ ಒಂದು ಚಿಕ್ಕ ಡಬ್ಬಿಯಷ್ಟು. ಹನ್ನೊಂದು ಗಂಟೆಗೆ ಅದು ತುಂಬಿ, ಯಂತ್ರ ಇನ್ನಾಗದೆಂದು ನಿಂತೇಬಿಟ್ಟಿತು.

ಒಂದೊಂದಾಗಿ ಅಳಿಸಿದ. ಎಡಗೈ ಹೋಯಿತು, ಗಾಳಿ ಹೋಯಿತು, ಕಿವಿ ಹೋಯಿತು. ತನ್ನ ಎರಡನ್ನು ಮಾತ್ರ ಮುಟ್ಟಲಿಲ್ಲ. ಪ್ರಿಂಟರ್ ಕಿರುಗುಟ್ಟುತ್ತಾ ಪಟ್ಟಿ ಕೊಟ್ಟಿತು: ಅವನ ಬಲಕ್ಕೆ ಮೈಬ್ರಿತ್, ಮೇಜಿನ ಆ ತುದಿಯಲ್ಲಿ ಇಂಗೆಗೆರ್ಡಳ ಎಡಕ್ಕೆ ಎವಾಲ್ಡ್. ಹೋಲ್ಗರ್ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ, ಹೆಸರಿನ ಕಾರ್ಡುಗಳನ್ನಿಟ್ಟು, ಸ್ನಾನಕ್ಕೆ ಹೋದ. ಎಷ್ಟೋ ವರ್ಷದ ಮೇಲೆ ಶಿಳ್ಳೆ ಹಾಕುತ್ತಾ ಹೋದ.

ಮಧ್ಯಾಹ್ನ ಇಂಗೆಗೆರ್ಡ್ ಹೂವಿಡಲು ಬಂದು ಪಟ್ಟಿ ನೋಡಿದಳು.

"ಎವಾಲ್ಡಾ? ಹೋದ ಕ್ರಿಸ್ಮಸ್ಸಿಗೆ ಆ ಮನುಷ್ಯ ಬರೀ ಮಾತಲ್ಲೇ ಒಂದು ಮೀನನ್ನ ಮೂರು ಗಂಟೆ ಹೊತ್ತು ದಡಕ್ಕೆ ಎಳೆದ!" ಎಂದು ಹಣೆ ಹಿಡಿದುಕೊಂಡು ಮನೆಗೆ ಹೋದಳು.

ಐದು ಗಂಟೆಗೆ ನಲವತ್ತು ಜನ ತಂತಮ್ಮ ಕುರ್ಚಿಯ ಹಿಂದೆ ನಿಂತೆವು. ಮೇಜಿನ ನಡುವೆ, ಬರ್ಚ್ ಎಲೆಗಳ ಅಲಂಕಾರದಲ್ಲಿ ಕೊನೆಯ ಎಬಿಸಿ-೮೦. ಮೈಬ್ರಿತ್ ನೀಲಿ ಉಡುಪಿನಲ್ಲಿ ಬಂದು ಹೋಲ್ಗರನ ಬಲಕ್ಕೆ ನಿಂತಳು. ಅವನ ಮುಖ ಅರಳಿತು. ಸ್ಟೂರೆ ಗ್ಲಾಸು ಬಡಿದರು.

"ಇಂಗೆಗೆರ್ಡ್‌ಗೆ ಇದ್ದಕ್ಕಿದ್ದ ಹಾಗೆ ತಲೆನೋವು. ಮನೆಯೊಡತಿ ಇಲ್ದೆ ಊಟ ಹೇಗೆ? ಈ ಯಂತ್ರಕ್ಕೆ ಮೊದಲ ಬೆಸುಗೆ ಹಾಕಿದೋಳು ನಮ್ಮ ಮೈಬ್ರಿತ್. ಇವತ್ತು ಅವಳೇ ಮನೆಯೊಡತಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಹೋಲ್ಗರ್ ಒಮ್ಮೆ ಅವಳನ್ನು ನೋಡಿದ, ಒಮ್ಮೆ ತಾನು ನಿಂತ ಜಾಗ ನೋಡಿಕೊಂಡ. ಅವಳು ಅವನ ಬಲಕ್ಕಿದ್ದರೆ ಅವನು ಅವಳ ಎಡಕ್ಕೇ ಅಲ್ಲವೇ?

"ನಾನು... ನಾನು ಎವಾಲ್ಡ್ ಜಾಗಕ್ಕೆ ಹೋಗ್ತೀನಿ," ಎಂದು ಕಾರ್ಡಿಗೆ ಕೈ ಹಾಕಿದ.

"ಮುಟ್ಟಿದ್ರೆ ನೋಡು!" ಎಂದರು ಸ್ಟೂರೆ. "ನಮ್ಮ ಯಂತ್ರ ಮಾಡಿದ ಕೊನೇ ಕೆಲಸ ಅದು. ಯಾರೂ ಬದಲಾಯಿಸೋ ಹಾಗಿಲ್ಲ."

ಆ ತುದಿಯಿಂದ ಎವಾಲ್ಡ್ ಕೂಗಿದ: "ಆಲೂಗಡ್ಡೆ ಬೆಂದಿದ್ಯಾ ನೋಡ್ಕೊಳ್ಳಪ್ಪಾ!"

ಊಟ ಶುರುವಾಯಿತು. "ಯಾಕೋ, ಹೆರಿಂಗ್ ಮೀನು ಮುಟ್ಟೇ ಇಲ್ವಲ್ಲ?" ಎಂದು ಮೈಬ್ರಿತ್ ಕೇಳಿದಳು. ಗ್ಲಾಸ್ ಎತ್ತಿದಾಗಲೆಲ್ಲ ಪಕ್ಕದವರ ಕಣ್ಣು ನೋಡಿ ಕುಡಿಯುವುದು ಪದ್ಧತಿ. ಅವನು ಧೈರ್ಯ ಸಾಲದೆ ಕಂಪ್ಯೂಟರನ್ನು ನೋಡಿ ಕುಡಿದ.

ಸ್ಟ್ರಾಬೆರಿ ಕೇಕ್ ಮುಗಿಯಿತು. ಎಲ್ಲರೂ ಇವನ ಕಡೆ ತಿರುಗಿದರು. ಹೋಲ್ಗರ್ ಎದ್ದ. ಕೃತಜ್ಞತೆಯ ಮಾತು ಒಂದೂ ನೆನಪಿಗೆ ಬರಲಿಲ್ಲ. ತಲೆಯಲ್ಲಿ ಉಳಿದಿದ್ದದ್ದು, ಎರಡು ವಾರದಿಂದ ಕನ್ನಡಿಯ ಮುಂದೆ ಗಟ್ಟಿ ಮಾಡಿಕೊಂಡ ನಾಲ್ಕು ಮಾತು ಮಾತ್ರ. ಆಗಲಿ, ಇಲ್ಲೇ ಹೇಳಿಬಿಡುತ್ತೇನೆ ಎಂದುಕೊಂಡ. ಆದರೆ ಅವಳ ಕಡೆ ತಿರುಗಲಾಗಲಿಲ್ಲ. ಕಣ್ಣು ಯಂತ್ರದ ಮೇಲೇ ನೆಟ್ಟಿತ್ತು.

"ಏಳು ವರ್ಷ ದಿನಾ ನಿನ್ನ ಪಕ್ಕ ಕೂತಿದೀನಿ. ಬೆಳಿಗ್ಗೆ ನಿನ್ನ ನೋಡ್ದೆ ನಂಗೆ ದಿನ ಶುರುವಾಗಿಲ್ಲ. ಇದನ್ನ ಒಂದು ಸಲನೂ ಹೇಳಕ್ಕೆ ಬರ್ಲಿಲ್ಲ. ಹೋಗ್ಬೇಡ. ಇಲ್ಲೇ ಇರು."

ಮೊದಲು ಬಿಕ್ಕಿದವನು ಎವಾಲ್ಡ್. ಆಮೇಲೆ ಗುನ್ನೆಲ್, ಅವಳಿಗೆ ಕರವಸ್ತ್ರ ಕೊಡುತ್ತಾ ಅವಳ ಹಳೇ ಗಂಡ. ಸ್ಟೂರೆ ಕಣ್ಣೊರೆಸಿಕೊಂಡು, "ನಮ್ಮೆಲ್ಲರ ಮನಸ್ಸಲ್ಲಿದ್ದ ಮಾತನ್ನ ಆ ಯಂತ್ರಕ್ಕೆ ಹೇಳ್ಬಿಟ್ಟೆಯಲ್ಲೋ!" ಎಂದು ತಬ್ಬಿಕೊಂಡರು. ನಾವು ಎದ್ದುನಿಂತು ಚಪ್ಪಾಳೆ ತಟ್ಟಿದೆವು.

ಮೈಬ್ರಿತ್ ಅವನ ತೋಳು ಹಿಡಿದಳು. ಅವಳ ಕಣ್ಣೂ ತುಂಬಿತ್ತು.

"ಆ ಮಿಷಿನ್ ಮೇಲೆ ಇಷ್ಟೊಂದು ಪ್ರೀತಿ ಇತ್ತೇನೋ ನಿಂಗೆ? ಪಕ್ಕದಲ್ಲೇ ಕೂತಿದ್ರೂ ನಂಗೆ ಗೊತ್ತಾಗ್ಲೇ ಇಲ್ಲ ನೋಡು."

"ಅಲ್ಲ ಮೈಬ್ರಿತ್, ಅದು..." ಎನ್ನುವಷ್ಟರಲ್ಲಿ ಸ್ಟೂರೆ ಗ್ಲಾಸು ಬಡಿದು ಸಾರಿದರು: "ಕೊನೇ ಯಂತ್ರ ಹೋಲ್ಗರನಿಗೇ! ಅದು ಹೋಗಲ್ಲಪ್ಪ, ನಿನ್ನ ಹತ್ರಾನೇ ಇರುತ್ತೆ!"

ಸಂಜೆಯ ಬಿಸಿಲಿನಲ್ಲಿ ಹೋಲ್ಗರ್ ಪರದೆ, ಕೀಬೋರ್ಡು, ಕ್ಯಾಸೆಟ್ ಪೆಟ್ಟಿಗೆ ಎಲ್ಲವನ್ನೂ ಅಪ್ಪಿಕೊಂಡು ಹೊರಟ. ಮೈಬ್ರಿತ್ ಬಾಗಿಲು ತೆರೆದು ಹಿಡಿದು, "ಹೋಗ್ಬರ್ತೀನಿ ಹೋಲ್ಗರ್, ಅದನ್ನ ಚೆನ್ನಾಗಿ ನೋಡ್ಕೋ," ಎಂದು ಕೈ ಚಾಚಿದಳು. ಕುಲುಕುವುದಕ್ಕೆ ಅವನಿಗೆ ಕೈ ಖಾಲಿ ಇರಲಿಲ್ಲ.

ಮ್ಯಾನೇಜರ ಮನೆಯ ಮುಂದೆ ಹಾಯುವಾಗ ಇಂಗೆಗೆರ್ಡ್ ಬೇಲಿಯ ಬಳಿ ಕಾಯುತ್ತಿದ್ದಳು. ತಲೆನೋವಿನ ಸುಳಿವೂ ಇರಲಿಲ್ಲ.

"ಈಗಷ್ಟೇ ಫೋನ್ ಬಂತು ಹೋಲ್ಗರ್! ಎಲ್ಲರನ್ನೂ ಅಳಿಸಿಬಿಟ್ಯಂತೆ! ಮುಂದಿನ ಶನಿವಾರ ನಮ್ಮನೇಲಿ ಊಟ. ನನ್ನ ಎಡಗಡೆ ಕುರ್ಚಿ ನಿಂದೇ."