ಫಂಕ್ಷನ್ ಹಾಲಿನ ವಿಜ್ಞಾನ ಶಾಲೆ

೨೦೨೧ನೆಯ ಇಸವಿಯಲ್ಲಿ ನನಗೆ ಐವತ್ತೊಂದು ವರ್ಷ. ಆ ವಯಸ್ಸಿಗೆ ಮನುಷ್ಯನ ಎರಡು ಅಂಗಗಳು ಬಿಗಿಯಾಗಿರುತ್ತವೆ: ಒಂದು ಮಂಡಿ, ಇನ್ನೊಂದು ಅಭಿಪ್ರಾಯ. ಮಂಡಿಗೆ ಎಣ್ಣೆ ಹಚ್ಚಬಹುದು. ಅಭಿಪ್ರಾಯಕ್ಕೆ ಅಂಥ ಉಪಚಾರವಿಲ್ಲ. ಕ್ರಮಬದ್ಧವಾಗಿ ಯೋಚಿಸುವವನ ಕೆಲಸ ಕೆಡುವುದಿಲ್ಲ ಎಂಬುದು ನನ್ನ ಅಭಿಪ್ರಾಯಗಳಲ್ಲೆಲ್ಲ ಹಳೆಯದು. ಹೈದರಾಬಾದಿನ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಬಹುಕಾಲ ವ್ಯಾಕರಣ ಕಲಿಸಿ, ಕ್ರಿಯಾಪದವಿಲ್ಲದೆ ಉತ್ತರ ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಸಂಪಾದಿಸಿದ ಅಭಿಪ್ರಾಯವದು. ಹೊಸದಾಗಿ ಆರಂಭವಾದ ಸರ್ಕಾರಿ ವಿಜ್ಞಾನ ಪ್ರೌಢಶಾಲೆಗೆ ಆಡಳಿತಾಧಿಕಾರಿಯೊಬ್ಬರು ಬೇಕಾದಾಗ ನನ್ನನ್ನು ನಿಯೋಜಿಸಿದ್ದಕ್ಕೆ ಈ ಖ್ಯಾತಿಯೇ ಕಾರಣವಿರಬೇಕು. ನನ್ನಿಂದ ಬಿಡುಗಡೆ ಪಡೆಯುವುದು ಹಳೆಯ ಶಾಲೆಗೆ ಬೇಕಾಗಿತ್ತೆಂಬ ಇನ್ನೊಂದು ವಾದವೂ ಇದೆ. ಅದು ನನ್ನ ಹೆಂಡತಿಯದು.

ಹೊಸ ಶಾಲೆಗೆ ಮಕ್ಕಳಿದ್ದರು, ಉಪಾಧ್ಯಾಯರಿದ್ದರು, ಸೂಕ್ಷ್ಮದರ್ಶಕಗಳಿದ್ದವು, ಒಂದು ಅಸ್ಥಿಪಂಜರವೂ ಇತ್ತು. ಇಲ್ಲದ್ದು ಕಟ್ಟಡವೊಂದೇ. ಊರ ಹೊರಗೆ ಖಾಲಿ ಬಿದ್ದಿದ್ದ ಹಳೆಯ ತರಬೇತಿ ಕೇಂದ್ರದ ಆವರಣವನ್ನು ನಮಗೆ ಕೊಡುವುದೆಂದು ತೀರ್ಮಾನವಾಗಿತ್ತು. ತೀರ್ಮಾನವಾದದ್ದು ಕೈಗೆ ಬರುವ ತನಕ, ಸದ್ಯಕ್ಕೆಂದು, ಬೇಗಂಪೇಟೆಯ ಗಲ್ಲಿಯೊಂದರ ಫಂಕ್ಷನ್ ಹಾಲಿನಲ್ಲಿ ನಮ್ಮನ್ನು ಇಳಿಸಿದರು. ಮದುವೆಗಳಿಗೆ ಬಾಡಿಗೆ ಕೊಡುವ ಸಭಾಂಗಣ ಅದು. ‘ಸದ್ಯಕ್ಕೆ’ ಎಂಬುದು ಅವ್ಯಯ. ಅದಕ್ಕೆ ವ್ಯಯವಿಲ್ಲವೆಂದು ಮಕ್ಕಳಿಗೆ ಕಲಿಸಿದ್ದ ನಾನು ಅದರ ಪೂರ್ಣಾರ್ಥವನ್ನು ಅಲ್ಲಿ ಕಲಿತೆ.

ಹಾಲಿನ ಮಾಲೀಕ ಭೀಮರೆಡ್ಡಿ ನಾರಾಯಣಪೇಟೆ ಕಡೆಯವರು. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಸಿಟ್ಟು ಬಂದಾಗ ಉರ್ದು. ಸರ್ಕಾರದೊಡನೆ ಅವರು ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಮದುವೆಯಿರುವ ದಿನ ಹಾಲು ಮದುವೆಯವರದು. “ವರ್ಷಕ್ಕ ನಾಕು ದಿನಾ ರೀ ಸಾರು, ನಿಮಗ ಗೊತ್ತss ಆಗಂಗಿಲ್ಲ” ಎಂದಿದ್ದರು. ಮಾಘಮಾಸ ಬಂದಾಗ ನಮಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ನೀರಿನ ನಲ್ಲಿಯೂ ಗ್ಯಾಸಿನ ಕೊಳವೆಯೂ ಇದ್ದುದರಿಂದ ಅದು ನಮ್ಮ ರಸಾಯನಶಾಸ್ತ್ರದ ಪ್ರಯೋಗಾಲಯವಾಗಿತ್ತು. ವಧುವಿನ ಕೋಣೆಯಲ್ಲಿ ಜೀವಶಾಸ್ತ್ರವಿತ್ತು. ವೇದಿಕೆಯ ಮೇಲೆ, ಕೆಂಪು ಮಖಮಲ್ಲಿನ ಜೋಡಿ ಸಿಂಹಾಸನಗಳ ಮುಂದೆ, ಮುಖ್ಯೋಪಾಧ್ಯಾಯಿನಿ ಶಹನಾಜ್ ಮೇಡಂ ಭೌತಶಾಸ್ತ್ರ ಕಲಿಸುತ್ತಿದ್ದರು. ಮುಹೂರ್ತದ ಹಿಂದಿನ ದಿನ ಇಷ್ಟನ್ನೂ ಕಟ್ಟಿ ಚಪ್ಪಲಿ ಬಿಡುವ ಕೋಣೆಗೆ ತುಂಬಬೇಕು. ಮುಹೂರ್ತದ ದಿನ ಮದುವೆಯವರ ನಡುವೆ ಸಿಕ್ಕ ಮೂಲೆಯಲ್ಲಿ ಪಾಠ ಮಾಡಬೇಕು. ಮರುದಿನ ಅಕ್ಷತೆ ಗುಡಿಸಿ ಮತ್ತೆ ಹೂಡಬೇಕು.

ಒಮ್ಮೆ ಅಸ್ಥಿಪಂಜರವನ್ನು ಸಾಗಿಸಲು ಮರೆತೆವು. ಮದುಮಗಳ ಅಜ್ಜಿ ಅದನ್ನು ಮೊದಲು ಕಂಡವರು. ಆಕೆ ಕಿರುಚಲಿಲ್ಲ, ಹತ್ತಿರ ಹೋಗಿ ನೋಡಿ, “ಇದು ಗಂಡಿನ ಕಡೇದೋ, ಹೆಣ್ಣಿನ ಕಡೇದೋ?” ಎಂದು ತೆಲುಗಿನಲ್ಲಿ ಕೇಳಿದರಂತೆ. ಭೀಮರೆಡ್ಡಿ ಮಾತ್ರ ನನ್ನಲ್ಲಿಗೆ ಓಡಿಬಂದರು. “ಸಾರು, ಆ ಎಲುಬಿನ ಮನಿಷ್ಯಾಗ ಒಂದು ಸೀರಿನಾದ್ರೂ ಸುತ್ರಿ. ಲಗ್ನದ ಮನಿಯಾಗ ಹಂಗ ಬತ್ತಲೆ ನಿಂತ್ರ ಹೆಂಗ?” ಅಂದಿನಿಂದ ಅದು ಹಳೆಯ ಸೀರೆಯೊಂದನ್ನು ಹೊದ್ದು ಮೂಲೆಯಲ್ಲಿ ಮರ್ಯಾದೆಯಿಂದ ನಿಲ್ಲತೊಡಗಿತು.

ಕಾಚಿಗೂಡದ ನಮ್ಮ ಮನೆಯಲ್ಲಿ ಈ ಶಾಲೆಗೆ ಗೌರವವಿರಲಿಲ್ಲ. “ಮಕ್ಕಳು ಓದಾಕತ್ತಾರೋ, ಮದಿವಿ ಊಟಾ ಮಾಡಾಕತ್ತಾರೋ?” ಎಂದು ಹೆಂಡತಿ ಇಂದಿರೆ ಕೇಳುವಳು. ಎರಡನ್ನೂ ಮಾಡುತ್ತಿದ್ದರು.

ಮರುವರ್ಷ ಹಾಸ್ಯ ಮುಗಿಯುವ ಕಾಲ ಬಂತು. ನಮ್ಮ ಮೊದಲ ತಂಡ ಹತ್ತನೆಯ ತರಗತಿಗೆ ಬಂದಿತ್ತು. ಶಾಲೆಗೆ ಮಾನ್ಯತೆ ದೊರೆಯದಿದ್ದರೆ ಆ ಮಕ್ಕಳು ನಮ್ಮ ಶಾಲೆಯಿಂದ ಪರೀಕ್ಷೆಗೆ ಕೂಡುವಂತಿಲ್ಲ. ಅವರನ್ನು ಬೇರೆ ಬೇರೆ ಶಾಲೆಗಳಿಗೆ ಹಂಚಿಬಿಡುತ್ತಾರೆ, ಬಾಗಿಲು ಮುಚ್ಚುತ್ತದೆ. ಅಮೀರ್‌ಪೇಟೆಯ ಕೋಚಿಂಗಿನ ಮೆಟ್ಟಿಲು ಹತ್ತಲಾಗದ ಮನೆಗಳ ಮಕ್ಕಳು ಅವರು. ಮಾನ್ಯತೆ ಕೊಡುವ ಮೊದಲು ತಪಾಸಣಾಧಿಕಾರಿಗಳು ಬಂದು ಪ್ರಯೋಗಾಲಯಗಳನ್ನು ಕಣ್ಣಾರೆ ನೋಡಬೇಕು. ಅವರು ಬರುವ ದಿನ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿದ್ದರೆ ನಮ್ಮ ಕಥೆ ಮುಗಿದಂತೆ. ದಿನವನ್ನು ಸೂಚಿಸುವ ಸ್ವಾತಂತ್ರ್ಯವನ್ನು ಅವರ ಕಚೇರಿ ನಮಗೇ ಬಿಟ್ಟಿತ್ತು. ಮೇಡಂ ಅದನ್ನು ನನಗೆ ಬಿಟ್ಟರು.

ನಾನು ಕ್ರಮಬದ್ಧವಾಗಿ ಯೋಚಿಸಿದೆ. ಮದುವೆಗಳು ಮುಹೂರ್ತಗಳನ್ನು ಅವಲಂಬಿಸಿವೆ; ಮುಹೂರ್ತಗಳು ಪಂಚಾಂಗದಲ್ಲಿವೆ; ಆದ್ದರಿಂದ ಪಂಚಾಂಗ ಕೊಳ್ಳಬೇಕು. ಕೊಂಡೆ. ಶುಕ್ರನೋ ಗುರುವೋ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಾಣದಾಗುವ ಕಾಲವನ್ನು ಇಲ್ಲಿಯವರು ಮೂಢವೆನ್ನುತ್ತಾರೆ. ಆಗ ಯಾರೂ ಮದುವೆ ಮಾಡುವುದಿಲ್ಲ. ಆ ವರ್ಷ ದಸರೆಗೆ ಮೊದಲೇ ಆರಂಭವಾದ ಶುಕ್ರನ ಮೂಢ ಕಾರ್ತಿಕವನ್ನೆಲ್ಲ ನುಂಗಿತ್ತು. ಗ್ರಹಗಳಿಗೂ ಮದುವೆಗೂ ಸಂಬಂಧವಿಲ್ಲವೆಂದು ಬೆಳಿಗ್ಗೆ ಮಕ್ಕಳಿಗೆ ಹೇಳುವ ವಿಜ್ಞಾನದ ಉಪಾಧ್ಯಾಯರು ಮಧ್ಯಾಹ್ನ ನನ್ನ ಮೇಜಿನ ಸುತ್ತ ನೆರೆದು, ಶುಕ್ರ ಇನ್ನೂ ಕೆಲವು ವಾರ ಮುಳುಗಿಯೇ ಇರಲೆಂದು ಮನಃಪೂರ್ವಕವಾಗಿ ಹಾರೈಸಿದರು. ನವೆಂಬರಿನ ಒಂದು ದಿನವನ್ನು ಆರಿಸಿ, ಭೀಮರೆಡ್ಡಿಯವರನ್ನೂ ಕೇಳಿದೆ: “ಆ ದಿನ ಮುಹೂರ್ತವೇನಾದರೂ ಇದೆಯೇ?”

“ಮೂಢದಾಗ ಮುಹೂರ್ತ ಎಲ್ಲಿಂದ ಬರತೈತಿ ಸಾರು? ಇಲ್ಲ.”

ತಪಾಸಣೆಯ ಬೆಳಿಗ್ಗೆ ನಾನು ಇಸ್ತ್ರಿಯಾದ ಅಂಗಿ ತೊಟ್ಟು ಗಲ್ಲಿ ತಿರುಗಿದೆ. ಘಮ್ಮೆಂದು ಕೇಸರಿ, ಪುದೀನ, ಹುರಿದ ಈರುಳ್ಳಿ. ಅಡುಗೆಮನೆಯಲ್ಲಿ ಒಬ್ಬ ಮನುಷ್ಯ ಇಳಿದು ಸ್ನಾನ ಮಾಡಬಹುದಾದಂಥ ಹಂಡೆಗಳು ಒಲೆ ಏರಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿಸಿಕೊಂಡು ಕುಳಿತಿದ್ದವು. ಸಂಜೆ ಯಾರದೋ ವಲೀಮಾ, ಅಂದರೆ ಗಂಡಿನ ಕಡೆಯವರು ನಿಕಾಹದ ನಂತರ ಕೊಡುವ ಔತಣ. ಸಂಜೆಯ ಊಟವಷ್ಟೇ ಎಂದು ಭೀಮರೆಡ್ಡಿ ಹಿಂದಿನ ದಿನ ನಮ್ಮ ಸಾಮಾನು ಕಟ್ಟಿಸಿರಲಿಲ್ಲ. ಮೂಢದಲ್ಲಿ ಹಾಲುಗಳು ಸುಲಭವಾಗಿ ಸಿಗುತ್ತವೆಂದು ಅರ್ಧ ಊರು ಆ ತಿಂಗಳಿಗಾಗಿಯೇ ಕಾದಿರುತ್ತದೆ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ, ಕ್ರಮಬದ್ಧವಾಗಿ ಯೋಚಿಸುವ ನನಗೆ ಆ ಅರ್ಧ ಊರು ನೆನಪಾಗಿರಲಿಲ್ಲ.

ಭೀಮರೆಡ್ಡಿ ನೊಂದ ದನಿಯಲ್ಲಿ ಹೇಳಿದರು: “ನೀವು ಮುಹೂರ್ತ ಐತೇನು ಅಂತ ಕೇಳಿದ್ರಿ, ಇಲ್ಲಂದೆ. ಶಾದಿ ಐತೇನು ಅಂದಿದ್ರ ಐತಿ ಅಂತಿದ್ದೆ. ಸಾಲಿ ಕಲಿಸಿದ ಮಂದಿ, ನಿಮಗ ನಾ ಏನು ಹೇಳ್ಲಿ?”

ಶಹನಾಜ್ ಮೇಡಂ ಹಂಡೆಗಳನ್ನು ನೋಡಿದರು, ನನ್ನನ್ನು ನೋಡಿದರು. “ಮಾಸ್ಟರ್‌ಜಿ, ನಿಮ್ಮ ಪಂಚಾಂಗದಲ್ಲಿ ನಾವೂ ಇದ್ದೇವೆಂದು ತಿಳಿದುಕೊಂಡಿದ್ದೆ” ಎಂದು ತಮ್ಮ ದಖ್ಖನಿ ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಕೇಳಬೇಕಾದವರನ್ನು ಬಿಟ್ಟು ಉಳಿದೆಲ್ಲರನ್ನೂ ಕೇಳಿದ್ದೆ. ಅವರ ಕೋಣೆ ನನ್ನ ಪಕ್ಕದಲ್ಲೇ ಇತ್ತು.

ಅಡುಗೆಮನೆಗೆ ಬೀಗ ಹಾಕಿ, ಕೀಲಿ ಕಳೆದಿದೆಯೆಂದು ಹೇಳೋಣವೆಂದು ನಾನು ಸೂಚಿಸಿದೆ. ವಾಸನೆಗೆ ಯಾವ ಬೀಗವೆಂದು ಮೇಡಂ ಕೇಳಿದರು. ಅಷ್ಟರಲ್ಲಿ ಅಧಿಕಾರಿಗಳು ಬಂದರು. ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು. ಮೇಡಂ ಅವರನ್ನು ನೇರವಾಗಿ ಹಂಡೆಗಳ ಮುಂದೆ ಕರೆದೊಯ್ದರು. “ಇದು ಬಿರಿಯಾನಿ ಸಾರ್. ಇದರ ಕೆಳಗೆ ನಮ್ಮ ರಸಾಯನಶಾಸ್ತ್ರವಿದೆ.”

ಪ್ರಯೋಗ ಎಲ್ಲಿ ಮಾಡುತ್ತೀರೆಂದು ಅವರು ಕೇಳಿದರು. ವೇದಿಕೆಯ ಮೇಲೆ ಹೂವಿನವರು ಮಲ್ಲಿಗೆ ಪರದೆ ಇಳಿಬಿಡುತ್ತಿದ್ದರು. ಅದರ ಹಿಂದೆ ಹತ್ತನೆಯ ತರಗತಿಯ ರೇಣುಕಾ ಎಂಬ ಹುಡುಗಿ ಸಿಂಹಾಸನವೊಂದರ ತೋಳಿಗೆ ಗಾಜಿನ ನಳಿಕೆಯನ್ನು ದಾರದಿಂದ ಕಟ್ಟಿ, ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಅಧಿಕಾರಿಗಳು ಹತ್ತಿರ ಹೋಗಿ ನಿಂತರು. ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುವವರೆಗೆ ಅವಳು ತಲೆಯೆತ್ತಲಿಲ್ಲ.

“ದಿನವೂ ಹೀಗೆಯೇನಮ್ಮಾ?”

“ಇಲ್ಲ ಸಾರ್, ಮುಹೂರ್ತವಿದ್ದ ದಿನ ಮಾತ್ರ.”

“ಈಗ ಮೂಢವಲ್ಲವೇ?”

“ಹೌದು ಸಾರ್. ನಮ್ಮ ಸಾರೂ ಹಾಗೇ ಅಂದುಕೊಂಡಿದ್ದರು.”

ಅವರು ನಗಲಿಲ್ಲ. ಎಲ್ಲ ಕೋಣೆಗಳನ್ನೂ ನೋಡಿದರು. ಅಸ್ಥಿಪಂಜರದ ಸೀರೆಯ ಸೆರಗೆತ್ತಿ ಪಕ್ಕೆಲುಬುಗಳನ್ನೂ ನೋಡಿದರು. ಹೊರಡುವಾಗ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. “ನಿಮ್ಮ ಈಗಿನ ಸ್ಥಳ ಸಾಕಷ್ಟಿದೆಯೆಂದು ವರದಿ ಬಂದರೆ ತರಬೇತಿ ಕೇಂದ್ರದ ಆವರಣವನ್ನು ಬೇರೆ ಇಲಾಖೆಯೊಂದು ಪಡೆಯಲು ಕಾದಿದೆ. ಗೋಡೆ, ನಲ್ಲಿ, ಮೇಜು ಕಂಡರೆ ಹಾಗೆಯೇ ಬರೆಯುವುದೆಂದು ಬಂದಿದ್ದೆ. ಇನ್ನು ಬರೆಯಲಾರೆ” ಎಂದರು. ಮಾನ್ಯತೆ ಬಂತು, ಮುಂದಿನ ಶೈಕ್ಷಣಿಕ ವರ್ಷದ ಆರಂಭಕ್ಕೆ ಮೊದಲು ತರಬೇತಿ ಕೇಂದ್ರದ ಆವರಣವನ್ನು ಶಾಲೆಗೆ ಬಿಟ್ಟುಕೊಡತಕ್ಕದ್ದೆಂಬ ಷರತ್ತೂ ಅದರ ಜೊತೆಗೆ ಬಂತು. ನನ್ನ ಯೋಜನೆ ಫಲಿಸಿದ್ದರೆ ನಾವು ಇಂದಿಗೂ ಅಕ್ಷತೆ ಗುಡಿಸುತ್ತಿದ್ದೆವು. ರೇಣುಕಾ ಮತ್ತು ಅವಳ ಗೆಳತಿಯರು ನಮ್ಮ ಶಾಲೆಯ ಹೆಸರಿನಲ್ಲಿಯೇ ಪರೀಕ್ಷೆ ಬರೆದರು.

ಈಗ ವಿಷಯ ತಿಳಿಯದವರು, ಬಿರಿಯಾನಿಯ ದಿನವನ್ನೇ ಆರಿಸಿದ ನನ್ನ ದೂರದೃಷ್ಟಿಯನ್ನು ಹೊಗಳುತ್ತಾರೆ. ಎದುರಿಗೆ ಮೇಡಂ ಇಲ್ಲದಿದ್ದರೆ ನಾನು ತಿದ್ದುವುದಿಲ್ಲ.

ಸ್ಥಳಾಂತರದ ದಿನವನ್ನು ನಿಶ್ಚಯಿಸುವ ಕೆಲಸವನ್ನೂ, ಏಕೋ, ನನಗೇ ಕೊಟ್ಟರು. ಈ ಸಲ ಪಂಚಾಂಗ ನೋಡಿದೆ, ಮೇಡಂ ಅವರನ್ನು ಕೇಳಿದೆ, ಚರ್ಚಿನವರನ್ನು ವಿಚಾರಿಸಿದೆ. ಯಾರಿಗೂ ಅಡ್ಡಿಯಿಲ್ಲದ ಶನಿವಾರವೊಂದು ಸಿಕ್ಕಿತು. ಲಾರಿಗಳಲ್ಲಿ ಸಾಮಾನು ಹೇರಿಕೊಂಡು, ಮುಂದಿನ ಸೀಟಿನಲ್ಲಿ ಅಸ್ಥಿಪಂಜರವನ್ನು ಕೂಡಿಸಿಕೊಂಡು ಹೊಸ ಆವರಣಕ್ಕೆ ಹೋದರೆ, ಗೇಟಿಗೆ ಬೀಗ. ಕೀಲಿಯಿದ್ದದ್ದು ಸರ್ಕಾರಿ ಕಚೇರಿಯಲ್ಲಿ. ಅಂದು ಎರಡನೆಯ ಶನಿವಾರ. ಭಾನುವಾರವೂ ಲಾರಿಯಲ್ಲೇ ಕಳೆದ ಆ ವಿಜ್ಞಾನ ಶಾಲೆ ತನ್ನ ಸ್ವಂತ ಬಾಗಿಲನ್ನು ದಾಟಿ ಒಳಗೆ ಹೋದದ್ದು ೨೦೨೩ನೆಯ ಇಸವಿ ಜೂನ್ ತಿಂಗಳ ೧೨ನೆಯ ತಾರೀಖು, ಸೋಮವಾರ.