ಗೌರಿಗೆ ನಾನು ನೋಡಿದ ವರ

ನಾನು ಓದಿದ್ದು ನಾಲ್ಕನೇ ಕ್ಲಾಸು. ಕುದುರೆ ವಿಷಯಕ್ಕೆ ಅಷ್ಟು ಸಾಕೆಂದುಕೊಂಡಿದ್ದೆ. ಕುದುರೆಯೇನು ಓದಿರುತ್ತದೆಯೇ!

ತುಮಕೂರಿಗೆ ಆಟೋಗಳು ಬರತೊಡಗಿದ್ದ ಕಾಲ. ನಮ್ಮಣ್ಣನದು ಜಟಕಾ. ಅವನ ಹೆಣ್ಣು ಕುದುರೆ ಗೌರಿಗೆ ವಯಸ್ಸಾಗುತ್ತಿತ್ತು. ಅವಳಿಗೊಂದು ಒಳ್ಳೆಯ ಮರಿ ಹುಟ್ಟಿದರೆ ಗಾಡಿ ಉಳಿಯುತ್ತದೆ. ಇಲ್ಲದಿದ್ದರೆ ಅಣ್ಣ ಅಂತರಸನಹಳ್ಳಿಯ ಫ್ಯಾಕ್ಟರಿ ಗೇಟಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಗೌರಿ ಬೆದೆಗೆ ಬಂದ ವಾರವೇ ಅಣ್ಣ ಕಾಲು ಉಳುಕಿಸಿಕೊಂಡು ಮಲಗಿದ. ಗಂಡು ಆರಿಸುವ ಘನ ಜವಾಬ್ದಾರಿ ನನ್ನ ಹೆಗಲೇರಿತು.

"ಗುಬ್ಬಿ ಸಾಬ್ರ ಕುದ್ರೆ ತಾವ್ಕೇ ಹೋಗ್ಲಾ. ಎದೆ ಅಗಲ, ಕಾಲು ಗಿಡ್ಡ. ಪಕ್ಕದಲ್ಲಿ ಬಸ್ಸು ಹಾರ್ನ್ ಹೊಡುದ್ರೂ ಹುಲ್ಲು ಮೇಯ್ತಾ ಇರ್ತದೆ. ಜಟಕಾಕ್ಕೆ ಅಂಥದ್ದೇ ಆಗೋದು. ರೂಪ ನೋಡ್ಬೇಡ!" ಎಂದ ಅಣ್ಣ.

"ನಂಗೇನ್ ಹೇಳ್ಕೊಡ್ತೀಯ, ಬುಡಣ್ಣ!"

ಗುಬ್ಬಿಯಲ್ಲಿ ಆ ಗಂಡು ಹುಣಸೆಮರದಡಿ ನಿಂತೇ ತೂಕಡಿಸುತ್ತಿತ್ತು. ದಪ್ಪ ಕತ್ತು, ಮಾಸಿದ ಬಣ್ಣ. ಕಿವಿಯ ಬಳಿ ಚಪ್ಪಾಳೆ ತಟ್ಟಿದೆ. ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಇಷ್ಟೇನಾ ಎಂಬಂತೆ ಮುಚ್ಚಿಕೊಂಡಿತು. ಇಂಥವನಿಗೆ ನಮ್ಮ ಗೌರಿಯೇ? ಹೆಣ್ಣು ಕೊಡುವವರಿಗೂ ಮಾನವಿರುತ್ತದೆ!

ಗೌರಿಯನ್ನು ಕರೆದುಕೊಂಡು ಕುಣಿಗಲ್ ದಾರಿ ಹಿಡಿದೆ. ಅಲ್ಲಿ ಕೆರೆಯ ಹತ್ತಿರದ ಒಂದು ಮನೆಯಲ್ಲಿ ಸಿಕ್ಕಿತು ನೋಡಿ ಸಂಬಂಧ! ಎತ್ತರ, ಕೆಂಪು ಮೈ, ರೇಷ್ಮೆಯಂಥ ಬಾಲ.

"ಇದರಪ್ಪ ರೇಸಲ್ಲಿ ಓಡಿದ್ದು ಕಣಪ್ಪಾ. ಜಟಕಾಕ್ಕಾದ್ರೆ ಬೇಡ, ಕೈ ಮೀರ್ತದೆ" ಎಂದು ಯಜಮಾನರೇ ಹೇಳಿದರು.

ದೊಡ್ಡ ಮನೆತನದವರು ಮೊದಲು ಬಿಗುಮಾನ ಮಾಡುವುದು ಸಹಜ. ಕೈಮುಗಿದು ಒಪ್ಪಿಸಿದೆ!

ಮನೆಗೆ ಬಂದು "ಗುಬ್ಬೀದೇ, ಅಣ್ಣ" ಎಂದೆ. ಕುಣಿಗಲ್ಲಿನ ಹೆಸರೇ ಎತ್ತಲಿಲ್ಲ.

ಹೆಣ್ಣು ಮರಿ ಹುಟ್ಟಿತು. ಮೊದಲು ಕಾಲುಗಳು ಬಂದವು. ಬಹಳ ಹೊತ್ತಿನ ಮೇಲೆ ಕುದುರೆ ಬಂತು.

"ಇದೇನಪ್ಪಾ, ಗುಬ್ಬಿ ಗಿಡ್ಡನ ಮಗೂಗೆ ಒಂಟೆ ಕಾಲು?" ಎಂದರು ಅತ್ತಿಗೆ.

"ಗೌರಿ ತಾಯಿ ಕಡೇದಿರ್ಬೋದು, ಬುಡೇ" ಎಂದ ಅಣ್ಣ. ಅವನು ನಂಬಿದಷ್ಟೂ ನನಗೆ ಅನ್ನ ಸೇರದಾಯಿತು.

ಮರಿ ಬೆಳೆದ ಮೇಲೆ ಗಾಡಿಗೆ ಕಟ್ಟಿದೆವು. ಸದಾಶಿವನಗರದ ಟೀಚರಮ್ಮನವರದು ಮೊದಲ ಸವಾರಿ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಅಷ್ಟೇ! ನಮ್ಮದು ರೇಸಿಗಿಳಿಯಿತು. ಗೆದ್ದಿತು ಕೂಡ! ಟೀಚರಮ್ಮನ ಛತ್ರಿ, ಬೀದಿ, ಮನೆ ಎಲ್ಲ ಒಂದೊಂದಾಗಿ ಹಿಂದೆ ಹೋದವು.

"ನಿಲ್ಸ್ರಪ್ಪೋ, ನಮ್ಮನೆ ಹೋಯ್ತು!"

ನಿಂತದ್ದು ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ. ಟೀಚರಮ್ಮ ಇಳಿದು ಮನೆ ಕಡೆ ನಡೆದೇ ಹೊರಟರು.

"ಯಾವೂರ್ದ್ಲಾ ಇದರಪ್ಪ?" ಎಂದ ಅಣ್ಣ.

"ಕುಣಿಗಲ್ದು, ಅಣ್ಣ. ವರ ಲಕ್ಷಣವಾಗಿದ್ದ..."

ಅಣ್ಣ ಕುದುರೆಯ ಬೆವರು ಒರೆಸತೊಡಗಿದ. ಅಷ್ಟರಲ್ಲಿ ಟ್ರಂಕು ಹೊತ್ತವನೊಬ್ಬ ಏದುಸಿರು ಬಿಡುತ್ತ ಬಂದ. "ಇದೇ ಅಲ್ವಾ ಬಸ್ಸನ್ನ ಹಿಂದಾಕಿದ್ದು? ಸ್ಟೇಷನ್ಗೆ ಬುಡಿ ಅಣ್ಣಾ, ರೈಲು ಬಂದ್ಬುಡ್ತು!"

ರೈಲು ಸಿಕ್ಕಿತು!

ಈಗ ತುಮಕೂರಿನಲ್ಲಿ ತಡವಾಗಿ ಏಳುವವರಿಗೆಲ್ಲ ನಮ್ಮಣ್ಣನ ಗಾಡಿಯೇ ಬೇಕು. ಆಟೋದವರೂ ದಾರಿ ಬಿಡುತ್ತಾರೆ. ನಿಧಾನಸ್ಥರಿಗಾಗಿ ಇನ್ನೊಂದು ಗಾಡಿ ಇಡುವ ಆಸೆ ಅಣ್ಣನಿಗೆ. ಮೊನ್ನೆ ಗೌರಿ ಮತ್ತೆ ಬೆದೆಗೆ ಬಂದಳು. ಅಣ್ಣ ತಾನೇ ಗುಬ್ಬಿಗೆ ಹೊರಟ.

"ನಾನೂ ಬರ್ಲೇನಣ್ಣ?"

"ಬ್ಯಾಡ. ನಿಂಗೆ ತಕ್ಕ ಕೆಲ್ಸ ನೋಡಿವ್ನಿ."

ಲಾಯದ ಲದ್ದಿ ಎತ್ತಲು ನನ್ನನ್ನು ಆರಿಸಿದ್ದ. ಆಯ್ಕೆಯಲ್ಲಿ ನಮ್ಮಣ್ಣ ಎಂದೂ ತಪ್ಪಿದವನಲ್ಲ!